ಲೆಕ್ಕ ಬೆಳೆಯಿತು, ಅಳತೆ ಬೆಳೆಯಲಿಲ್ಲ

(ಜಲವಿಜ್ಞಾನದ ಮಾಡೆಲ್‌ಗಳ ಬಗ್ಗೆ ಮಾಡಿದ ಒಂದು ಉಪನ್ಯಾಸದ ಬರಹ ರೂಪ ಇದು. ಓದುವುದಕ್ಕೆ ಸಲೀಸಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆ ಬಿತ್ತು. ಹಳ್ಳದಲ್ಲಿ ಎಷ್ಟು ನೀರು ಬರುತ್ತದೆ? ಜಲವಿಜ್ಞಾನದ ಮೂಲ ಪ್ರಶ್ನೆ ಇಷ್ಟೇ. ಸೇತುವೆ ಕಟ್ಟುವವರು, ಕೆರೆ ಕೋಡಿಯ ಅಗಲ ಗೊತ್ತುಮಾಡುವವರು, ಊರಿಗೆ ಕುಡಿಯುವ ನೀರು ಕೊಡುವವರು, ಎಲ್ಲರೂ ಕೇಳುವುದು ಇದನ್ನೇ. ಈ ಪ್ರಶ್ನೆಗೆ ಉತ್ತರ ಕೊಡುವ ಲೆಕ್ಕಗಳು, ಅಂದರೆ ಮಾಡೆಲ್‌ಗಳು, ಹೇಗೆ ಬೆಳೆಯುತ್ತಾ ಹೋದವು, ಬೆಳೆದಿದ್ದರಿಂದ ನಮಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇವತ್ತು ಹೇಳುತ್ತೇನೆ.

1851ರಲ್ಲಿ ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ ಒಂದು ಲೆಕ್ಕ ಮುಂದಿಟ್ಟರು. ಮಳೆಯ ಬಿರುಸು ಎಷ್ಟು, ಜಲಾನಯನದ, ಅಂದರೆ ಆ ಹೊಳೆಗೆ ನೀರು ಹರಿದು ಬರುವ ನೆಲದ ವಿಸ್ತೀರ್ಣ ಎಷ್ಟು, ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಬರುತ್ತದೆ. ಈ ಮೂರನ್ನೂ ಗುಣಿಸಿದರೆ ಹೊಳೆಯ ಗರಿಷ್ಠ ಹರಿವು ಸಿಗುತ್ತದೆ. ಎಂಜಿನಿಯರುಗಳು ಇದನ್ನು ರ್ಯಾಷನಲ್ ಮೆಥಡ್ ಎನ್ನುತ್ತಾರೆ. ಪೇಟೆಯ ಮಳೆನೀರು ಚರಂಡಿಗಳ ಅಳತೆ ನಿರ್ಧರಿಸಲು ಇವತ್ತಿಗೂ ಇದೇ ಸೂತ್ರ ಬಳಕೆಯಲ್ಲಿದೆ.

ಅಲ್ಲಿಂದ ಮುಂದೆ ಲೆಕ್ಕ ದಪ್ಪವಾಗುತ್ತಾ ಹೋಯಿತು. 1932ರಲ್ಲಿ ಅಮೆರಿಕದ ಶೆರ್ಮನ್ ಯೂನಿಟ್ ಹೈಡ್ರೋಗ್ರಾಫ್ ತಂದರು. ಒಂದು ಅಳತೆಯ ಮಳೆ ಬಿದ್ದಾಗ ಹೊಳೆ ಹೇಗೆ ಏರಿ ಹೇಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಗೆರೆ. ಮರುವರ್ಷ ರಾಬರ್ಟ್ ಹಾರ್ಟನ್ ಇಂಗುವಿಕೆಯ ಬಗ್ಗೆ ಬರೆದರು. ಮಣ್ಣು ಕುಡಿಯುವ ವೇಗಕ್ಕಿಂತ ಮಳೆ ಜೋರಾಗಿದ್ದರೆ, ಮಿಕ್ಕ ನೀರು ನೆಲದ ಮೇಲೆ ಹರಿಯುತ್ತದೆ ಎಂಬುದು ಅವರ ಮಾತು. ಆಮೇಲೆ ಕಂಪ್ಯೂಟರ್ ಬಂತು. 1966ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಾಫರ್ಡ್ ಮತ್ತು ಲಿನ್ಸ್‌ಲಿ ತಮ್ಮ ವಾಟರ್‌ಶೆಡ್ ಮಾಡೆಲ್ ಪ್ರಕಟಿಸಿದರು. ಎಲೆಗಳ ಮೇಲೆ ನಿಂತ ನೀರು, ಮೇಲ್ಮಣ್ಣಿನ ತೇವ, ಕೆಳಮಣ್ಣಿನ ತೇವ, ಅಂತರ್ಜಲ, ಹೀಗೆ ಒಂದೊಂದಕ್ಕೂ ಕಂಪ್ಯೂಟರಿನೊಳಗೆ ಒಂದೊಂದು ತೊಟ್ಟಿ. ಒಂದು ತೊಟ್ಟಿ ತುಂಬಿದರೆ ಇನ್ನೊಂದಕ್ಕೆ ಹರಿಯುತ್ತದೆ.

1969ರಲ್ಲಿ ಫ್ರೀಜ್ ಮತ್ತು ಹಾರ್ಲನ್ ಒಂದು ದೊಡ್ಡ ಕನಸನ್ನು ಕಾಗದದ ಮೇಲಿಟ್ಟರು. ತೊಟ್ಟಿಗಳೆಲ್ಲ ಯಾಕೆ ಬೇಕು? ನೀರು ಚಲಿಸುವ ಭೌತಶಾಸ್ತ್ರ ನಮಗೆ ಗೊತ್ತಿದೆಯಲ್ಲ. ಭೂಮಿಯನ್ನು ಚೌಕಗಳಾಗಿ ಹೋಳು ಮಾಡೋಣ. ಪ್ರತಿ ಚೌಕದಲ್ಲೂ ಆ ಸಮೀಕರಣಗಳನ್ನೇ ಬಿಡಿಸೋಣ. ಆಗಿನ ಕಂಪ್ಯೂಟರಿಗೆ ಅದು ಭಾರವಾದ ಕೆಲಸ. ಆದರೆ ದಾರಿ ಗೊತ್ತಾಯಿತು. ಡೆನ್ಮಾರ್ಕ್, ಬ್ರಿಟನ್, ಫ್ರಾನ್ಸ್ ಮೂರೂ ಸೇರಿ ಕಟ್ಟಿದ 'ಶೀ' ಎಂಬ ಮಾಡೆಲ್ 1986ರಲ್ಲಿ ಪ್ರಕಟವಾಯಿತು. ಫ್ರೀಜ್ ಮತ್ತು ಹಾರ್ಲನ್ ಕಂಡ ಕನಸಿಗೆ ಅದು ರೂಪ ಕೊಟ್ಟಿತು.

ಇಲ್ಲಿಯವರೆಗಿನದು ಕೇಳುವುದಕ್ಕೆ ಪ್ರಗತಿಯ ಕಥೆ. ಪ್ರಗತಿ ಅಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಇದರೊಳಗೆ ಒಂದು ತೊಂದರೆ ಬೆಳೆಯುತ್ತಾ ಬಂತು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಾಡೆಲ್ ಎಂದರೆ ಸಮೀಕರಣಗಳಷ್ಟೇ ಅಲ್ಲ. ಸಮೀಕರಣದೊಳಗೆ ಪ್ಯಾರಾಮೀಟರ್‌ಗಳಿರುತ್ತವೆ. ಮಣ್ಣು ಎಷ್ಟು ನೀರು ಹಿಡಿದುಕೊಳ್ಳುತ್ತದೆ, ಅದರೊಳಗೆ ನೀರು ಎಷ್ಟು ಬೇಗ ಇಳಿಯುತ್ತದೆ, ಬೇರು ಎಷ್ಟು ಆಳ ಹೋಗಿದೆ. ಇವನ್ನು ರೇಡಿಯೋದ ತಿರುಪುಗಳು ಎಂದುಕೊಳ್ಳಿ. ಹಳೆಯ ಮಳೆ ಮತ್ತು ಹೊಳೆ ಹರಿವಿನ ದಾಖಲೆ ಎದುರಿಗಿಟ್ಟುಕೊಂಡು, ಲೆಕ್ಕದ ಹರಿವು ಅಳೆದ ಹರಿವಿಗೆ ತಾಳೆಯಾಗುವವರೆಗೂ ತಿರುಪುಗಳನ್ನು ತಿರುಗಿಸುತ್ತೇವೆ. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಮೂರು ನಾಲ್ಕು ತಿರುಪು ಇದ್ದರೆ ಒಂದೊಂದರ ಕೆಲಸ ಏನು ಅಂತ ಗೊತ್ತಾಗುತ್ತದೆ. ಇಪ್ಪತ್ತು ಇದ್ದರೆ? ಒಂದನ್ನು ತಪ್ಪಾಗಿ ತಿರುಗಿಸಿ, ಇನ್ನೊಂದನ್ನು ಅಷ್ಟೇ ತಪ್ಪಾಗಿ ತಿರುಗಿಸಿದರೆ ಎರಡು ತಪ್ಪೂ ಒಂದನ್ನೊಂದು ಮುಚ್ಚಿಹಾಕುತ್ತವೆ. ಪರದೆಯ ಮೇಲೆ ಲೆಕ್ಕದ ಗೆರೆ ಅಳತೆಯ ಗೆರೆಯ ಮೇಲೆಯೇ ಕೂರುತ್ತದೆ. ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ಬೇರೆ ಬೇರೆ ರೀತಿಯಲ್ಲಿ ತಿರುಗಿಸಿದ ಸಾವಿರಾರು ಜೋಡಣೆಗಳು ಇದೇ ಗೆರೆಯನ್ನು ಕೊಡಬಲ್ಲವು. ಬ್ರಿಟನ್ನಿನ ಕೀತ್ ಬೆವೆನ್ ಈ ವಿಷಯವನ್ನು ದಶಕಗಳ ಕಾಲ ಬಿಡದೆ ಹೇಳಿದರು. ಇದಕ್ಕೆ ಅವರು ಬಳಸಿದ ಹೆಸರು ಈಕ್ವಿಫೈನಾಲಿಟಿ.

ತಾಳೆಯಾದರೆ ಸಾಕಲ್ವಾ, ಯಾವ ಜೋಡಣೆಯಾದರೇನು ಅಂತ ನೀವು ಕೇಳಬಹುದು. ನಾಳೆಯೂ ಇವತ್ತಿನ ಹಾಗೆಯೇ ಇದ್ದರೆ ಸಾಕು. ಆದರೆ ನಾವು ಕೇಳುವ ಪ್ರಶ್ನೆಗಳು ಹಾಗಿರುವುದಿಲ್ಲ. ಗುಡ್ಡದ ಕಾಡು ಕಡಿದರೆ ಹೊಳೆ ಏನಾಗುತ್ತದೆ? ಇನ್ನೂ ಐನೂರು ಬೋರ್‌ವೆಲ್ ಕೊರೆದರೆ? ಒಂದು ಜೋಡಣೆ ಹೇಳುತ್ತದೆ, ಹೊಳೆಯ ನೀರೆಲ್ಲ ನೆಲದ ಮೇಲಿನಿಂದ ಹರಿದು ಬಂದದ್ದು. ಇನ್ನೊಂದು ಹೇಳುತ್ತದೆ, ಎಲ್ಲ ಒರತೆಯಿಂದ ಬಂದದ್ದು. ಹಿಂದಿನ ಹತ್ತು ವರ್ಷದ ಹರಿವನ್ನು ಎರಡೂ ಸರಿಯಾಗಿ ತೋರಿಸಿವೆ. ಆದರೆ ಬೋರ್‌ವೆಲ್ ಪ್ರಶ್ನೆಗೆ ಎರಡೂ ತದ್ವಿರುದ್ಧ ಉತ್ತರ ಕೊಡುತ್ತವೆ.

ಇದು ಬರೀ ಊಹೆಯ ಅಪಾಯ ಅಲ್ಲ, ನಡೆದು ಹೋಗಿದೆ. ಹಾರ್ಟನ್ ಹೇಳಿದ ಹಾಗೆ ಪ್ರವಾಹ ಎಂದರೆ ಆಗಷ್ಟೇ ಬಿದ್ದ ಮಳೆ ನೆಲದ ಮೇಲೆ ಹರಿದು ಬಂದದ್ದು ಎಂದು ಬಹಳ ಕಾಲ ನಂಬಿದ್ದರು. ಆ ನಂಬಿಕೆಯ ಮೇಲೆ ಕಟ್ಟಿದ ಲೆಕ್ಕಗಳು ಹರಿವಿಗೆ ಚೆನ್ನಾಗಿಯೇ ತಾಳೆಯಾಗುತ್ತಿದ್ದವು. 1970ರ ದಶಕದಲ್ಲಿ ವಿಜ್ಞಾನಿಗಳು ನೀರಿನ ಐಸೊಟೋಪ್‌ಗಳನ್ನು ಅಳೆಯತೊಡಗಿದರು. ಆಮ್ಲಜನಕದಲ್ಲಿ, ಜಲಜನಕದಲ್ಲಿ ಸ್ವಲ್ಪ ಭಾರವಾದ ಪರಮಾಣುಗಳಿರುತ್ತವೆ. ಇವತ್ತಿನ ಮಳೆಯಲ್ಲಿ ಅವುಗಳ ಪ್ರಮಾಣ ಒಂದು, ನೆಲದೊಳಗೆ ಮೊದಲೇ ಇದ್ದ ನೀರಿನಲ್ಲಿ ಇನ್ನೊಂದು. ಹಾಗಾಗಿ ಹೊಳೆಯ ನೀರು ಹೊಸದೋ ಹಳೆಯದೋ ಎಂದು ಬೇರ್ಪಡಿಸಬಹುದು. ಕೆನಡಾದಲ್ಲಿ ಸ್ಕ್ಲಾಶ್ ಮತ್ತು ಫಾರ್ವೋಲ್ಡನ್ ಮಾಡಿದ ಕೆಲಸ 1979ರಲ್ಲಿ ಹೊರಬಂತು. ಜೋರು ಮಳೆಯ ಹೊತ್ತಿನಲ್ಲೂ ಹೊಳೆಯಲ್ಲಿದ್ದ ನೀರಿನ ದೊಡ್ಡ ಪಾಲು ಹಳೆಯದು! ನೆಲದೊಳಗೆ ಮೊದಲೇ ಇದ್ದ ನೀರನ್ನು ಈ ಮಳೆ ಹೊರಗೆ ತಳ್ಳಿತ್ತು. ಆಮೇಲೆ ತೇವ ಜಾಸ್ತಿ ಇರುವ ಎಷ್ಟೋ ಜಲಾನಯನಗಳಲ್ಲಿ ಇದೇ ಕಂಡುಬಂತು. ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಗಟ್ಟಿ ನೆಲದ ಒಣ ಸೀಮೆಯ ಕಥೆ ಬೇರೆ. ಆದರೆ ಒಂದು ವಿಷಯ ಗಮನಿಸಿ. ಲೆಕ್ಕದಲ್ಲಿ ಉತ್ತರ ಸರಿಯಿತ್ತು, ಕಾರಣ ತಪ್ಪಿತ್ತು. ಅದನ್ನು ತೋರಿಸಿಕೊಟ್ಟದ್ದು ಇನ್ನೂ ದೊಡ್ಡ ಮಾಡೆಲ್ ಅಲ್ಲ, ಒಂದು ಹೊಸ ಅಳತೆ.

ಚೌಕಗಳ ಮಾಡೆಲ್‌ಗೆ ಈ ತೊಂದರೆ ಇಲ್ಲ ಎಂದು ಮೊದಲು ಅಂದುಕೊಂಡಿದ್ದರು. ಭೌತಶಾಸ್ತ್ರದ ಸಮೀಕರಣ ಅಲ್ವಾ, ಪ್ಯಾರಾಮೀಟರ್‌ಗಳನ್ನು ನೇರವಾಗಿ ಅಳೆದುಬಿಡಬಹುದು ಎಂದು. ಬೆವೆನ್ 1989ರಲ್ಲಿ ಇದಕ್ಕೆ ಗಟ್ಟಿಯಾದ ಆಕ್ಷೇಪ ಎತ್ತಿದರು. ಮಣ್ಣಿನೊಳಗೆ ನೀರು ಇಳಿಯುವ ರಿಚರ್ಡ್ಸ್ ಸಮೀಕರಣ ಹೊಂದುವುದು ಪ್ರಯೋಗಾಲಯದ ಒಂದು ಕೊಳವೆ ಮಣ್ಣಿಗೆ. ಮಾಡೆಲ್‌ನ ಚೌಕ ನೂರಾರು ಮೀಟರ್ ಅಗಲ. ಅದರೊಳಗೆ ಹೊಲ, ಬದು, ಗೆದ್ದಲು ಹುತ್ತ, ಬೇರು ಕೊಳೆತು ಆದ ತೂತು, ದನ ತುಳಿದು ಗಟ್ಟಿಯಾದ ದಾರಿ ಎಲ್ಲ ಇರುತ್ತವೆ. ಅದಕ್ಕೆಲ್ಲ ಸೇರಿ ಒಂದೇ ಸಂಖ್ಯೆ ಹಾಕಿದರೆ ಅದು ಅಳತೆ ಅಲ್ಲ, ಹೊಂದಿಸಿದ ಸಂಖ್ಯೆ. ಅಂದರೆ ಅದೂ ಒಂದು ತಿರುಪೇ.

ಈ 'ಶೀ' ಮಾಡೆಲ್ ನಮ್ಮ ದೇಶಕ್ಕೂ ಬಂತು. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯವರು ಡೆನ್ಮಾರ್ಕಿನ ತಜ್ಞರ ಜೊತೆ ಸೇರಿ ನರ್ಮದೆಯ ಆರು ಉಪಜಲಾನಯನಗಳಲ್ಲಿ ಅದನ್ನು ಓಡಿಸಿದರು. ಅದರಲ್ಲಿ ಒಂದರ ಹೆಸರು ಕೋಲಾರ್. ನಮ್ಮ ಚಿನ್ನದ ಕೋಲಾರ ಅಲ್ಲ, ಮಧ್ಯಪ್ರದೇಶದಲ್ಲಿ ನರ್ಮದೆಗೆ ಸೇರುವ ಹೊಳೆ. 1992ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರು ಬಹಳ ಪ್ರಾಮಾಣಿಕವಾಗಿ ಬರೆದರು. ಇಷ್ಟು ಶ್ರಮಪಟ್ಟು ಮಾಡಿದ ಹರಿವಿನ ಲೆಕ್ಕ, ಸರಳ ತೊಟ್ಟಿ ಮಾಡೆಲ್‌ಗಳಿಂದ ಸಿಗಬಹುದಾದಷ್ಟೇ ನಿಖರವಾಗಿತ್ತು. ಭೂಬಳಕೆ ಬದಲಾದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗೆ ದೊಡ್ಡ ಮಾಡೆಲ್ ಹೆಚ್ಚು ತಕ್ಕುದು ಎಂದೂ ಹೇಳಿದರು. ಆ ಪ್ರಬಂಧದ ಬಗ್ಗೆ ನನಗೆ ಗೌರವ ಇದೆ. ಗೆದ್ದದ್ದು ಎಲ್ಲಿ, ಗೆಲ್ಲದೆ ಹೋದದ್ದು ಎಲ್ಲಿ ಎಂದು ಎರಡನ್ನೂ ಹೇಳುವ ಬರಹ ನಮ್ಮ ಕ್ಷೇತ್ರದಲ್ಲಿ ಇನ್ನೂ ಜಾಸ್ತಿ ಬರಬೇಕು.

ಒಂದೇ ಊರಿನ ಉದಾಹರಣೆ ಸಾಕಾಗುವುದಿಲ್ಲ ಎನ್ನುವವರಿಗೆ ಇನ್ನೆರಡು ಕೆಲಸ ಹೇಳುತ್ತೇನೆ. 1993ರಲ್ಲಿ ಜೇಕ್‌ಮನ್ ಮತ್ತು ಹಾರ್ನ್‌ಬರ್ಗರ್ ಒಂದು ನೇರ ಪ್ರಶ್ನೆ ಕೇಳಿದರು. ಮಳೆ ಮತ್ತು ಹರಿವು ಇವೆರಡರ ದಾಖಲೆ ಮಾತ್ರ ಇದ್ದರೆ ಎಷ್ಟು ಪ್ಯಾರಾಮೀಟರ್‌ಗಳನ್ನು ನಂಬಿಕೆಯಿಂದ ಗುರುತಿಸಬಹುದು? ಬೆರಳೆಣಿಕೆಯಷ್ಟು ಮಾತ್ರ ಎಂಬುದು ಅವರಿಗೆ ಸಿಕ್ಕ ಉತ್ತರ. 2001ರಲ್ಲಿ ಫ್ರಾನ್ಸಿನ ಪೆರಾಂ ಮತ್ತು ಜೊತೆಗಾರರು 19 ಮಾಡೆಲ್‌ಗಳನ್ನು 429 ಜಲಾನಯನಗಳಲ್ಲಿ ಪರೀಕ್ಷೆಗೆ ಹಚ್ಚಿದರು. ಪ್ಯಾರಾಮೀಟರ್ ಜಾಸ್ತಿ ಇದ್ದವು ಹೊಂದಿಸುವ ಹೊತ್ತಿನಲ್ಲಿ ಮುಂದಿದ್ದವು. ಹೊಂದಿಸುವಾಗ ನೋಡದೇ ಇದ್ದ ವರ್ಷಗಳ ಮೇಲೆ ಓಡಿಸಿದಾಗ ಆ ಮುನ್ನಡೆ ಉಳಿಯಲಿಲ್ಲ. ಅದೇ ಗುಂಪು ಕೇವಲ ನಾಲ್ಕು ಪ್ಯಾರಾಮೀಟರ್‌ನ ಜಿಆರ್4ಜೆ ಎಂಬ ಮಾಡೆಲ್ ಅನ್ನು 2003ರಲ್ಲಿ ಕೊಟ್ಟಿತು. ಅದು ಇವತ್ತು ಪ್ರಪಂಚದ ನಾನಾ ಕಡೆ ಬಳಕೆಯಲ್ಲಿದೆ.

ಈಗ ಮನೆಯ ಹತ್ತಿರದ ವಿಷಯಕ್ಕೆ ಬರುತ್ತೇನೆ. ಅರ್ಕಾವತಿ ನಂದಿ ಬೆಟ್ಟದ ಕಡೆ ಹುಟ್ಟಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. 1930ರ ದಶಕದಲ್ಲಿ ಅರ್ಕಾವತಿ, ಕುಮುದ್ವತಿ ಕೂಡುವ ಕಡೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಬೆಂಗಳೂರು ಅದರ ನೀರು ಕುಡಿದು ಬೆಳೆಯಿತು. ಆಮೇಲೆ ಒಳಹರಿವು ದಶಕದಿಂದ ದಶಕಕ್ಕೆ ಕುಸಿಯಿತು. ಯಾಕೆ?

ಇದನ್ನು ಮಾಡೆಲ್‌ನಲ್ಲಿ ಹಾಕಿ ನೋಡೋಣ ಎಂದುಕೊಳ್ಳಿ. ಜಲಾಶಯದ ಜಲಾನಯನ ಸುಮಾರು 1,450 ಚದರ ಕಿಲೋಮೀಟರ್. ಒಂದು ಕಿಲೋಮೀಟರ್‌ನ ಚೌಕ ಮಾಡಿದರೆ 1,450 ಚೌಕ. ನೂರು ಮೀಟರ್‌ನದು ಮಾಡಿದರೆ 1,45,000. ಪ್ರತಿ ಚೌಕಕ್ಕೆ ಮಣ್ಣು, ಕಲ್ಲು, ಬೇರು ಎಂದು ಐದೇ ಐದು ಸಂಖ್ಯೆ ಕೇಳಿದರೂ ಏಳು ಲಕ್ಷಕ್ಕೂ ಮೀರಿದ ಸಂಖ್ಯೆಗಳು ಬೇಕು. ಅವೆಲ್ಲ ಸರಿ ಇವೆಯೇ ಎಂದು ನೋಡುವುದಕ್ಕೆ ನಮ್ಮ ಕೈಯಲ್ಲಿ ಮುಖ್ಯವಾಗಿ ಇರುವುದು ಜಲಾಶಯದ ಒಳಹರಿವಿನ ದಾಖಲೆ. ನಕ್ಷೆ ಬಣ್ಣ ಬಣ್ಣವಾಗಿ ಬರುತ್ತದೆ, ನಿಮ್ಮ ಹೊಲವೂ ಕಾಣಿಸುತ್ತದೆ. ಆದರೆ ಆ ಹೊಲದ ಸಂಖ್ಯೆಯನ್ನು ಯಾರೂ ಅಳೆದಿಲ್ಲ.

ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಕೆಲಸ ಬೇರೆ ದಾರಿ ಹಿಡಿಯಿತು. ಅವರು ಮೊದಲು ಅನುಮಾನಗಳನ್ನು ಒಂದೊಂದಾಗಿ ಬರೆದುಕೊಂಡರು. ಮಳೆ ಕಡಿಮೆಯಾಯಿತೇ? ಬಿಸಿಲು ಜಾಸ್ತಿಯಾಗಿ ಆವಿ ಹೆಚ್ಚಾಯಿತೇ? ಬೋರ್‌ವೆಲ್‌ಗಳು ಅಂತರ್ಜಲ ಬರಿದುಮಾಡಿದವೇ? ನೀಲಗಿರಿ ತೋಪುಗಳು ಕುಡಿದವೇ? ಹಳ್ಳಗಳಿಗೆ ಅಡ್ಡ ಕಟ್ಟಿದ ಚೆಕ್‌ಡ್ಯಾಂಗಳು ನೀರು ತಡೆದವೇ? ಇದ್ದಷ್ಟು ದಾಖಲೆ ಹಿಡಿದು ಒಂದೊಂದನ್ನೂ ಪರೀಕ್ಷಿಸಿದರು. ಮಳೆ ಮತ್ತು ಬಿಸಿಲಿನ ಬದಲಾವಣೆ ಈ ಕುಸಿತವನ್ನು ವಿವರಿಸುವುದಿಲ್ಲ ಎಂದು ಕಂಡಿತು. ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ಮುಖ್ಯ ಕಾರಣವಿರಬೇಕು, ಹಳ್ಳಗಳ ಅಡ್ಡಗಟ್ಟೆಗಳೂ ಸೇರಿವೆ ಎಂದು ಹೇಳಿದರು.

ಇಲ್ಲಿ ನನಗೆ ಮುಖ್ಯ ಎನಿಸುವುದು ಬೇರೆ. ಬಹಳಷ್ಟು ತೊಟ್ಟಿ ಮಾಡೆಲ್‌ಗಳಲ್ಲಿ ಅಂತರ್ಜಲದ ತೊಟ್ಟಿಯಿಂದ ಹೊಳೆಗೆ ಒಂದು ಕೊಳಾಯಿ ಇದ್ದೇ ಇರುತ್ತದೆ. ತೊಟ್ಟಿಯಲ್ಲಿ ನೀರಿದ್ದರೆ ಹೊಳೆಗೆ ಬಂದೇ ಬರುತ್ತದೆ ಎಂಬ ನಂಬಿಕೆ ಅದು. ಅರ್ಕಾವತಿ ಸೀಮೆಯಲ್ಲಿ ಬೋರ್‌ವೆಲ್‌ಗಳು ನೂರಾರು ಅಡಿ ಇಳಿದಿವೆ, ಕೆಲವು ಕಡೆ ಸಾವಿರ ಅಡಿ. ನೀರಿನ ಮಟ್ಟ ಹಳ್ಳದ ತಳಕ್ಕಿಂತ ಎಲ್ಲೋ ಕೆಳಗೆ. ಒರತೆ ನಿಂತಿದೆ. ಈಗ ಹಳ್ಳವೇ ನೆಲಕ್ಕೆ ನೀರು ಕಳೆದುಕೊಳ್ಳುತ್ತದೆ. ಚೌಕವನ್ನು ನೂರು ಮೀಟರ್‌ನಿಂದ ಹತ್ತು ಮೀಟರ್‌ಗೆ ಇಳಿಸಿದರೂ ಈ ತಪ್ಪು ಸರಿಹೋಗುವುದಿಲ್ಲ. ಇಲ್ಲದ ಕೊಳಾಯಿಯನ್ನು ಇನ್ನೂ ಚಿಕ್ಕದಾಗಿ, ಇನ್ನೂ ಹೆಚ್ಚು ಜಾಗದಲ್ಲಿ ಬರೆದ ಹಾಗಾಗುತ್ತದೆ ಅಷ್ಟೇ. ರೈತರಿಗೆ ಇದು ಎಂದೋ ಗೊತ್ತಿತ್ತು. ತಮ್ಮ ತೆರೆದ ಬಾವಿ ಯಾವಾಗ ಬತ್ತಿತು ಎಂದು ಅವರು ಮದುವೆ, ಹಬ್ಬಗಳ ಲೆಕ್ಕದಲ್ಲಿ ಹೇಳುತ್ತಾರೆ. ಆ ನೆನಪನ್ನೂ ದಾಖಲೆ ಎಂದು ನಾವು ಕೇಳಿಸಿಕೊಳ್ಳಬೇಕು.

ಹಾಗೆಂದು ಸೇರಿಸಿದ್ದೆಲ್ಲ ದಂಡ ಎನ್ನುವುದು ನನ್ನ ವಾದ ಅಲ್ಲ. ಬಂಡೀಪುರದ ಕಾಡಿನಲ್ಲಿ ಮೂಲೆಹೊಳೆ ಎಂಬಲ್ಲಿ ನಾಲ್ಕು ಚದರ ಕಿಲೋಮೀಟರ್‌ಗಿಂತ ಸ್ವಲ್ಪವೇ ದೊಡ್ಡದಾದ ಒಂದು ಜಲಾನಯನ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರೆಂಚ್ ವಿಜ್ಞಾನಿಗಳು ಸೇರಿ ಅಲ್ಲಿ ವರ್ಷಗಟ್ಟಲೆ ಮಳೆ, ಹರಿವು, ಬಾವಿ ಮಟ್ಟ, ನೀರಿನ ರಸಾಯನ ಎಲ್ಲ ಅಳೆದರು. 2010ರಲ್ಲಿ ಬಂದ ಅವರ ಮಾಡೆಲ್ ಸರಳವಾದದ್ದೇ. ಆದರೆ ಅದರಲ್ಲಿ ಒಂದು ಪದರ ಹೆಚ್ಚಿಗೆ ಇತ್ತು. ಮಣ್ಣಿಗೂ ಅಂತರ್ಜಲಕ್ಕೂ ನಡುವೆ, ಶಿಥಿಲವಾದ ಕಲ್ಲಿನ ದಪ್ಪ ಪದರ. ಮರಗಳ ಆಳದ ಬೇರು ಅಲ್ಲಿಂದಲೂ ನೀರು ಎಳೆಯುತ್ತವೆ. ಬರದ ವರ್ಷ ಅದು ಖಾಲಿಯಾದರೆ, ಮುಂದೆ ಒಳ್ಳೆಯ ಮಳೆ ಬಂದರೂ ಮೊದಲು ಅದು ತುಂಬಬೇಕು. ಆಮೇಲೆಯೇ ಅಂತರ್ಜಲಕ್ಕೆ ನೀರು. ಮಳೆಗೂ ಬಾವಿ ಮಟ್ಟ ಏರುವುದಕ್ಕೂ ನಡುವೆ ಯಾಕೆ ಇಷ್ಟು ತಡ ಎಂಬುದಕ್ಕೆ ಈ ಪದರದಿಂದ ಉತ್ತರ ಸಿಕ್ಕಿತು. ಅಳತೆ ಕೇಳಿತು, ಅದಕ್ಕೆ ಸೇರಿಸಿದರು. ಸಾಫ್ಟ್‌ವೇರ್‌ನಲ್ಲಿ ಜಾಗ ಇದೆ ಎಂದು ಸುಮ್ನೆ ಸೇರಿಸಿದ್ದಲ್ಲ.

ನನ್ನ ಬೇಸರ ಇರುವುದು ಇಲ್ಲೇ. ಹೊಸ ಮಾಡೆಲ್‌ಗೆ ದುಡ್ಡು, ಹೆಸರು, ಪ್ರಬಂಧ ಎಲ್ಲ ಸಿಗುತ್ತದೆ. ಹತ್ತು ವರ್ಷ ಒಂದು ಹಳ್ಳದ ದಡದಲ್ಲಿ ಅಳತೆಪಟ್ಟಿ ಓದಿದವರಿಗೆ ಅಷ್ಟು ಸಿಗುವುದಿಲ್ಲ. ಕರ್ನಾಟಕದಲ್ಲಿ ಮಳೆಯ ಮಟ್ಟಿಗೆ ಒಳ್ಳೆಯ ಕೆಲಸ ಆಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚಿವೆ, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹೋಗಿವೆ. ಆದರೆ ಸಣ್ಣ ಹಳ್ಳಗಳ ಹರಿವು ಅಳೆಯುವ ಜಾಗಗಳು ಇದರ ಮುಂದೆ ತೀರಾ ಕಡಿಮೆ. ಮಳೆ ಎಷ್ಟು ಬಿತ್ತು ಎಂದು ಗೊತ್ತು. ಆಮೇಲೆ ಅದು ಎಲ್ಲಿಗೆ ಹೋಯಿತು ಎಂಬುದನ್ನು ಮಾಡೆಲ್ ಊಹಿಸುತ್ತದೆ, ಆ ಊಹೆಯನ್ನು ಪರೀಕ್ಷಿಸುವವರು ಇಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಈಗ ಎಐ ಮಾಡೆಲ್‌ಗಳಲ್ಲಿ ಲಕ್ಷಗಟ್ಟಲೆ ಪ್ಯಾರಾಮೀಟರ್ ಇರುತ್ತಲ್ಲ, ಅವು ಚೆನ್ನಾಗೇ ಕೆಲಸ ಮಾಡ್ತಿವೆ. ನಿಮ್ಮ ಮಾತು ಅಲ್ಲಿ ಸುಳ್ಳಾಗಲ್ವಾ?"

ಒಳ್ಳೆಯ ಪ್ರಶ್ನೆ. 2019ರಲ್ಲಿ ಕ್ರಾಟ್ಜೆರ್ಟ್ ಮತ್ತು ಜೊತೆಗಾರರು ಅಮೆರಿಕದ 531 ಜಲಾನಯನಗಳ ಮೇಲೆ ಎಲ್‌ಎಸ್‌ಟಿಎಂ ಎಂಬ ಬಗೆಯ, ದಾಖಲೆಯಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಓಡಿಸಿದರು. ಒಂದೊಂದು ಜಲಾನಯನಕ್ಕೆ ಬೇರೆ ಬೇರೆಯಾಗಿ ಹೊಂದಿಸಿದ ಹಳೆಯ ಮಾಡೆಲ್‌ಗಳನ್ನು ಅದು ಹಿಂದೆ ಹಾಕಿತು. ನಾವು ಇದನ್ನು ಮನಸಾರೆ ಒಪ್ಪಬೇಕು. ಆದರೆ ಅದು ಯಾಕೆ ಗೆದ್ದಿತು ನೋಡಿ. ಐನೂರಕ್ಕೂ ಹೆಚ್ಚು ಹೊಳೆಗಳ ವರ್ಷಗಟ್ಟಲೆ ದಿನದಿನದ ದಾಖಲೆಯನ್ನು ಒಟ್ಟಿಗೆ ಕೊಟ್ಟು ಕಲಿಸಿದ್ದಾರೆ. ಲಕ್ಷಗಟ್ಟಲೆ ತಿರುಪಿಗೆ ಹತ್ತಾರು ಲಕ್ಷ ಅಳತೆ ಎದುರಿಗಿತ್ತು. ಆ ಅಳತೆಗಳ ಹಿಂದೆ ದಶಕಗಳ ಕಾಲ ಹೊಳೆ ಅಳೆದ ಸರ್ಕಾರಿ ನೌಕರರ ಕೆಲಸ ಇದೆ. ಅರ್ಕಾವತಿಯ ಹಾಗೆ ಅಂತರ್ಜಲ ಹಿಂದೆಂದೂ ಕಾಣದ ಆಳಕ್ಕೆ ಹೋದ ಕಡೆ, ಅಂಥ ಕಡೆಯ ದಾಖಲೆಯನ್ನೇ ನೋಡದ ನೆಟ್‌ವರ್ಕ್ ಏನು ಹೇಳೀತು ಎಂಬುದನ್ನು ಪರೀಕ್ಷಿಸಿಯೇ ನಂಬಬೇಕು.

ನಿವೃತ್ತ ಎಂಜಿನಿಯರ್ ಒಬ್ಬರು ಕೇಳಿದರು: "ಹಾಗಾದ್ರೆ ದೊಡ್ಡ ಮಾಡೆಲ್ ಯಾವಾಗ ಬಳಸ್ಬೇಕು?"

ನಮ್ಮ ಪ್ರಶ್ನೆಗೆ ಅದು ಬೇಕೇ ಬೇಕು ಎನಿಸಿದಾಗ. ಕಾರ್ಖಾನೆಯ ವಿಷ ಯಾವ ಬಾವಿಗೆ ಎಷ್ಟು ವರ್ಷಕ್ಕೆ ಬರುತ್ತದೆ ಎಂದು ತಿಳಿಯಬೇಕಾದರೆ ನಾಲ್ಕು ತಿರುಪಿನ ತೊಟ್ಟಿ ಸಾಲದು, ಜಾಗ ಜಾಗದ ಲೆಕ್ಕ ಬೇಕು. ಆಗ ಒಂದೇ ಉತ್ತರ ಕೊಡಬೇಡಿ. ದಾಖಲೆಗೆ ತಾಳೆಯಾಗುವ ಹಲವು ಜೋಡಣೆಗಳನ್ನು ಓಡಿಸಿ, ಉತ್ತರ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ತೋರಿಸಿ. ಬೆವೆನ್ ಮತ್ತು ಬಿನ್ಲಿ ಇದಕ್ಕೊಂದು ವಿಧಾನವನ್ನು 1992ರಲ್ಲೇ ಕೊಟ್ಟಿದ್ದಾರೆ. ಅಧಿಕಾರಿಗಳಿಗೆ ಒಂದೇ ಸಂಖ್ಯೆ ಬೇಕಿರುತ್ತದೆ, ನಿಜ. ಆದರೂ ಹರವನ್ನು ಹೇಳಲೇಬೇಕು.

ಕೊನೆಯದಾಗಿ ದೊಡ್ಡಬಳ್ಳಾಪುರ ಕಡೆಯ ರೈತರೊಬ್ಬರು ಕೇಳಿದರು: "ನಮ್ಮಂಥೋರು ಏನ್ ಅಳೆದ್ರೆ ನಿಮಗೆ ಉಪಯೋಗ ಆಗುತ್ತೆ ಸ್ವಾಮಿ?"

ಬೋರ್‌ವೆಲ್ ನೀರಿನ ಮಟ್ಟ. ಮುಂಗಾರಿಗೆ ಮುಂಚೆ ಒಂದು ಸಲ, ಹಿಂಗಾರು ಮುಗಿದ ಮೇಲೆ ಒಂದು ಸಲ. ಸಾಧ್ಯವಾದರೆ ತಿಂಗಳಿಗೊಮ್ಮೆ ಬರೆದಿಟ್ಟರೆ ಇನ್ನೂ ಒಳ್ಳೆಯದು. ಹಿಂದಿನ ರಾತ್ರಿಯಿಂದ ಪಂಪ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಎಳೆದ ಮಟ್ಟ ಸಿಗುತ್ತದೆ, ನಿಜವಾದ ಮಟ್ಟ ಸಿಗುವುದಿಲ್ಲ. ನೀರು ಬಾರದೆ ಕೈಬಿಟ್ಟ ಬೋರ್‌ವೆಲ್ ಇದ್ದರೆ ಅದರ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ, ಬೀಗ ಹಾಕಿ. ಮಕ್ಕಳು ಓಡಾಡುವ ಜಾಗ. ಮುಚ್ಚಳದಲ್ಲಿ ಅಳತೆ ದಾರ ಇಳಿಯುವಷ್ಟು ತೂತು ಇರಲಿ. ತಾರೀಕು, ಆಳ, ಪಂಪ್ ಎಷ್ಟು ಹೊತ್ತು ನಿಂತಿತ್ತು, ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಕ್ಕಪಕ್ಕದ ನಾಲ್ಕು ಜನ ಸೇರಿ ಮಾಡಿದರೆ, ನಿಮ್ಮ ಊರಿನ ಹಳ್ಳಕ್ಕೆ ಒರತೆ ಇನ್ನೂ ಉಳಿದಿದೆಯೇ, ಮಾಡೆಲ್‌ನಲ್ಲಿ ಆ ಕೊಳಾಯಿ ಇಡಬೇಕೇ ತೆಗೆಯಬೇಕೇ ಎಂದು ಕೆಲವೇ ವರ್ಷಗಳಲ್ಲಿ ಹೇಳಬಹುದು.